ಮೂತ್ರದ ತೊಂದರೆಗೆ ಮೂಲಿಕೆಯ ಕ್ಯಾಪ್ಸೂಲ್: ಓದುಗರ ಪ್ರಶ್ನೆ, ವೈದ್ಯರ ಉತ್ತರ

ನಡುವಯಸ್ಸು ದಾಟಿದ ಗಂಡಸರಲ್ಲಿ ಕಾಣಿಸುವ ಮೂತ್ರದ ತೊಂದರೆಗಳ ಬಗ್ಗೆ, ಅವುಗಳ ಪರಿಹಾರಕ್ಕೆಂದು ಮಾರಾಟವಾಗುವ ಗಿಡಮೂಲಿಕೆಯ ಕ್ಯಾಪ್ಸೂಲ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಸಲ ಉತ್ತರಿಸಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನನಗೆ 61 ವರ್ಷ. ಒಂದು ವರ್ಷದಿಂದ ರಾತ್ರಿ ಮೂರು ಸಲವಾದರೂ ಮೂತ್ರಕ್ಕೆ ಏಳಬೇಕಾಗುತ್ತಿದೆ. ಮೂತ್ರ ಶುರುವಾಗಲು ಕಾಯಬೇಕು, ಧಾರೆ ಸಣ್ಣದಾಗಿದೆ, ಮುಗಿಯಿತೆಂದುಕೊಂಡ ಮೇಲೂ ಹನಿ ಹನಿಯಾಗಿ ಬರುತ್ತದೆ. ಸ್ನೇಹಿತರೊಬ್ಬರ ಸಲಹೆಯಂತೆ ಎರಡು ತಿಂಗಳಿಂದ ಸಾ ಪಾಮೆಟೊ ಎಂಬ ಮೂಲಿಕೆಯ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೇನೆ. ಈಗ ಎರಡೇ ಸಲ ಏಳುತ್ತಿದ್ದೇನೆ. ಇದರಿಂದ ಪ್ರಾಸ್ಟೇಟ್ ಗ್ರಂಥಿ ಕರಗುತ್ತದೆಯೇ? ಜೀವನಪೂರ್ತಿ ಮುಂದುವರಿಸಬಹುದೇ?

ಉತ್ತರ: ಗ್ರಂಥಿ ಕರಗುವುದಿಲ್ಲ. ನಿಮಗೆ ಸಿಕ್ಕಿರುವ ಆರಾಮ ಮಾತ್ರ ಸುಳ್ಳಲ್ಲ. ಈ ಎರಡೂ ಹೇಗೆ ಒಟ್ಟಿಗೆ ನಿಜವಾಗುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಇಂಥ ಕ್ಯಾಪ್ಸೂಲ್‌ಗಳ ವಿಚಾರದಲ್ಲಿ ಆಗುವ ಗೊಂದಲವೆಲ್ಲ ಹುಟ್ಟುವುದು ಇಲ್ಲಿಯೇ.

ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ಯೌವನದಲ್ಲಿ ಅದರ ತೂಕ ಸುಮಾರು 20 ಗ್ರಾಂ. ವಯಸ್ಸಾದಂತೆ ಅದರ ಒಳಭಾಗ, ಅಂದರೆ ಮೂತ್ರನಾಳಕ್ಕೆ ಅಂಟಿಕೊಂಡಂತಿರುವ ಭಾಗವೇ, ಬೆಳೆಯಲು ತೊಡಗುತ್ತದೆ. ಐವತ್ತರ ದಶಕದಲ್ಲಿರುವ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ, 80 ದಾಟಿದವರಲ್ಲಿ 10ಕ್ಕೆ 8 ಮಂದಿಯಲ್ಲಿ ಈ ಬೆಳವಣಿಗೆಯನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಬಹುದು. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಗ್ರಂಥಿಯ ಗಾತ್ರಕ್ಕೂ ತೊಂದರೆಯ ತೀವ್ರತೆಗೂ ನೇರ ಲೆಕ್ಕಾಚಾರವಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ದೊಡ್ಡ ಗ್ರಂಥಿಯಿದ್ದೂ ನಿರಾಳವಾಗಿರುವವರಿದ್ದಾರೆ, ಚಿಕ್ಕ ಗ್ರಂಥಿಯಿದ್ದೂ ಮೂತ್ರ ಕಟ್ಟಿಕೊಂಡು ಆಸ್ಪತ್ರೆಗೆ ಬರುವವರಿದ್ದಾರೆ. ಗ್ರಂಥಿಯ ಸ್ನಾಯುಗಳ ಬಿಗಿತ ಮತ್ತು ಮೂತ್ರಕೋಶದ ಶಕ್ತಿ ಎರಡೂ ಇದರಲ್ಲಿ ಪಾಲುಗೊಳ್ಳುತ್ತವೆ.

ಸಾ ಪಾಮೆಟೊ ಅಮೆರಿಕದ ಆಗ್ನೇಯ ಭಾಗದಲ್ಲಿ ಬೆಳೆಯುವ ಕುಳ್ಳ ಜಾತಿಯ ತಾಳೆ. ಅದರ ಹಣ್ಣಿನ ಕೊಬ್ಬಿನಾಂಶದ ಸಾರವೇ ಕ್ಯಾಪ್ಸೂಲ್‌ನಲ್ಲಿರುವುದು. ಪುರುಷ ಹಾರ್ಮೋನು ಗ್ರಂಥಿಯನ್ನು ಬೆಳೆಸುವ ರೂಪಕ್ಕೆ ಬದಲಾಗುವುದನ್ನು ಈ ಸಾರ ತಡೆಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡುಬಂದ ಸಂಗತಿ, ಜಾಹೀರಾತುಗಳು ಹಿಡಿದುಕೊಂಡಿರುವುದೂ ಅದನ್ನೇ. ಆದರೆ ಮನುಷ್ಯರ ಮೇಲೆ ಎಚ್ಚರಿಕೆಯಿಂದ ನಡೆಸಿದ ಅಧ್ಯಯನಗಳು ಬೇರೆ ಮಾತು ಹೇಳಿದವು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 225 ಗಂಡಸರಿಗೆ ಒಂದು ವರ್ಷ ಕಾಲ, ಅರ್ಧ ಮಂದಿಗೆ ದಿನಕ್ಕೆರಡು ಸಲ 160 ಮಿಲಿಗ್ರಾಂ ಸಾ ಪಾಮೆಟೊ, ಉಳಿದವರಿಗೆ ನೋಡಲು ಹಾಗೆಯೇ ಇರುವ ಆದರೆ ಔಷಧಿಯಿಲ್ಲದ ಹುಸಿ ಗುಳಿಗೆ ಕೊಡಲಾಯಿತು. ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಪ್ರಮಾಣ ಸಾಲದೇ ಇರಬಹುದು ಎಂಬ ಆಕ್ಷೇಪಕ್ಕೆ 2011ರ ಅಧ್ಯಯನ ಉತ್ತರ ಕೊಟ್ಟಿತು. 369 ಗಂಡಸರಲ್ಲಿ ಸಾ ಪಾಮೆಟೊ ಪಡೆದ ಗುಂಪಿಗೆ ಪ್ರಮಾಣವನ್ನು ಹಂತ ಹಂತವಾಗಿ ಏರಿಸಿ, ಸಾಮಾನ್ಯ ಪ್ರಮಾಣದ ಮೂರು ಪಟ್ಟಿನವರೆಗೆ ಒಯ್ದು, 72 ವಾರ ಗಮನಿಸಿದರೂ ಫಲಿತಾಂಶ ಅದೇ ಬಂತು. 2023ರಲ್ಲಿ ಹೊರಬಂದ ಕಾಕ್ರೇನ್ ಸಂಸ್ಥೆಯ ಸಮಗ್ರ ಪರಿಶೀಲನೆಯೂ, ಸಾ ಪಾಮೆಟೊ ಒಂದನ್ನೇ ತೆಗೆದುಕೊಂಡರೆ ಪ್ರಯೋಜನ ಇಲ್ಲ ಅಥವಾ ತೀರಾ ಅಲ್ಪ ಎಂದೇ ತೀರ್ಮಾನಿಸಿತು. ಹೆಕ್ಸೇನ್ ದ್ರಾವಕದಿಂದ ತೆಗೆದ ನಿರ್ದಿಷ್ಟ ಸಾರವೊಂದಕ್ಕೆ ಯುರೋಪಿನ ಔಷಧ ಸಂಸ್ಥೆಯ ಮೂಲಿಕೆ ಸಮಿತಿ ಮಾನ್ಯತೆ ಕೊಟ್ಟಿರುವುದು ನಿಜವಾದರೂ, ಹೆಸರು ಒಂದೇ ಎಂಬ ಕಾರಣಕ್ಕೆ ಆ ಮಾನ್ಯತೆ ಬೇರೆ ಬಗೆಯಲ್ಲಿ ತಯಾರಾದ ಕ್ಯಾಪ್ಸೂಲ್‌ಗಳಿಗೆ ಅನ್ವಯಿಸುವುದಿಲ್ಲ.

ಹಾಗಾದರೆ ನಿಮಗೆ ಆರಾಮವಾದದ್ದು ಹೇಗೆ? 2011ರ ಅಧ್ಯಯನದಲ್ಲಿ ಹುಸಿ ಗುಳಿಗೆ ನುಂಗಿದವರ ತೊಂದರೆಯ ಅಂಕವೂ (35ಕ್ಕೆ ಎಣಿಸುವ ಈ ಅಂಕದ ವಿವರ ಮುಂದಿದೆ) ಸರಾಸರಿ ಮೂರರಷ್ಟು ಇಳಿದಿತ್ತು. ಈ ತೊಂದರೆಯ ಸ್ವಭಾವವೇ ಏರಿಳಿತದ್ದು. ಯಾರೇ ಆಗಲಿ ಔಷಧಿಗೆ ಕೈ ಹಾಕುವುದು ತೊಂದರೆ ಹೆಚ್ಚಾಗಿರುವ ಕಾಲದಲ್ಲಿ, ಆಮೇಲೆ ಅದು ತಾನಾಗಿ ಒಂದಿಷ್ಟು ತಗ್ಗಿದರೂ ಶ್ರೇಯಸ್ಸು ಗುಳಿಗೆಗೆ ಸಲ್ಲುತ್ತದೆ. ಇದರ ಜೊತೆಗೆ, ಚಿಕಿತ್ಸೆ ಶುರುವಾಯಿತೆಂಬ ನೆಮ್ಮದಿಯಿಂದ ನಿದ್ರೆ ಗಾಢವಾದರೆ ಏಳುವ ಸಲವೂ ಕಡಿಮೆಯಾಗುತ್ತದೆ.

ಕ್ಯಾಪ್ಸೂಲ್ ನಿಲ್ಲಿಸಲೇಬೇಕೆಂದು ನಾನು ಹೇಳುವುದಿಲ್ಲ. ಅದರಿಂದ ಹೊಟ್ಟೆ ತೊಳಸುವುದು, ಭೇದಿಯಂಥ ಸಣ್ಣ ಕಿರಿಕಿರಿಗಳನ್ನು ಬಿಟ್ಟರೆ ಅಪಾಯ ಅಪರೂಪ. ಆದರೆ ಅದನ್ನು ಮುಂದುವರಿಸುವ ಮೊದಲು ನಿಮ್ಮ ತೊಂದರೆಯನ್ನು ಅಳೆಯಿಸಿಕೊಳ್ಳಿ. ಮೂತ್ರ ಪೂರ್ತಿ ಖಾಲಿಯಾಗದ ಭಾವನೆ, ಪದೇ ಪದೇ ಹೋಗುವುದು, ನಡುವೆ ನಿಂತು ನಿಂತು ಬರುವುದು, ತಡೆಯಲಾಗದ ಅವಸರ, ಧಾರೆಯ ಕ್ಷೀಣತೆ, ತಿಣುಕುವುದು, ರಾತ್ರಿ ಏಳುವುದು ಎಂಬ ಏಳು ಸಂಗತಿಗಳಿಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವ ಪ್ರಶ್ನಾವಳಿಯೊಂದು ಪ್ರಪಂಚದಾದ್ಯಂತ ಬಳಕೆಯಲ್ಲಿದೆ. ಒಟ್ಟು 35ರಲ್ಲಿ 7ರವರೆಗೆ ಬಂದರೆ ತೊಂದರೆ ಸೌಮ್ಯ, 8ರಿಂದ 19 ಮಧ್ಯಮ, ಅದಕ್ಕಿಂತ ಮೇಲೆ ತೀವ್ರ. ಇದರೊಂದಿಗೆ ಮೂತ್ರ ಪರೀಕ್ಷೆ, ರಕ್ತದ ಸಕ್ಕರೆ ಮತ್ತು ಮೂತ್ರಪಿಂಡಗಳ ಕೆಲಸ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್, ಹಾಗೂ ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ತೋರಿಸುವ ಸ್ಕ್ಯಾನಿಂಗ್ ಆಗಲಿ. ಕೊನೆಯದು ಅತಿಮುಖ್ಯ. ಮೂರು ತಿಂಗಳ ಮೇಲೆ ಅಂಕವನ್ನೂ ಉಳಿಕೆ ಮೂತ್ರವನ್ನೂ ಮತ್ತೆ ನೋಡಿ. ಎರಡೂ ಸುಧಾರಿಸದೆ ಇದ್ದರೆ ಆ ಕ್ಯಾಪ್ಸೂಲ್‌ಗೆ ಹಣ ಹಾಕುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ನಾನು ಕೊಂಡ ಡಬ್ಬಿಯ ಮೇಲೆ ಪೈಜಿಯಮ್, ನೆಟಲ್ ಬೇರು, ಸಿಹಿಗುಂಬಳದ ಬೀಜ, ಬೀಟಾ ಸಿಟೊಸ್ಟೆರಾಲ್, ಗೋಕ್ಷುರ, ಸತು ಎಂದು ಬರೆದಿದೆ. ಹತ್ತು ಮೂಲಿಕೆಗಳು ಸೇರಿದರೆ ಗುಣವೂ ಹೆಚ್ಚಲ್ಲವೇ?

ಉತ್ತರ: ಹೆಸರುಗಳ ಪಟ್ಟಿ ಉದ್ದವಾದಷ್ಟೂ ಒಂದೊಂದರ ಪ್ರಮಾಣ ಕಡಿಮೆಯಾಗುತ್ತದೆ. ಅನೇಕ ತಯಾರಿಕೆಗಳಲ್ಲಿ ‘ವಿಶೇಷ ಮಿಶ್ರಣ ಇಷ್ಟು ಮಿಲಿಗ್ರಾಂ’ ಎಂದು ಒಟ್ಟು ಲೆಕ್ಕ ಮಾತ್ರ ಇರುತ್ತದೆ. ಒಳಗೆ ಯಾವುದು ಎಷ್ಟಿದೆ ಎಂದು ತಿಳಿಯದಿದ್ದಾಗ, ಅಧ್ಯಯನಗಳಲ್ಲಿ ಬಳಸಿದ ಪ್ರಮಾಣಕ್ಕೂ ಅದಕ್ಕೂ ಹೋಲಿಕೆ ಮಾಡುವುದು ಅಸಾಧ್ಯ. ಅಂಥ ಡಬ್ಬಿಯನ್ನು ಕೊಳ್ಳದಿರುವುದು ಲೇಸು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನೀವು ಬರೆದ ಪಟ್ಟಿಯಲ್ಲಿ ಸ್ವಲ್ಪ ಆಶಾದಾಯಕವಾದ ಆಧಾರವಿರುವುದು ಬೀಟಾ ಸಿಟೊಸ್ಟೆರಾಲ್‌ಗೆ. ಅನೇಕ ಸಸ್ಯಗಳ ಎಣ್ಣೆಯಲ್ಲಿರುವ ಈ ಅಂಶವನ್ನು ಒಟ್ಟು 519 ಗಂಡಸರಿದ್ದ ನಾಲ್ಕು ಅಧ್ಯಯನಗಳಲ್ಲಿ ಪರೀಕ್ಷಿಸಿದಾಗ ತೊಂದರೆಯ ಅಂಕ ಇಳಿಯಿತು, ಧಾರೆ ಬಲವಾಯಿತು, ಒಳಗೆ ಉಳಿಯುವ ಮೂತ್ರವೂ ಕಡಿಮೆಯಾಯಿತು. ಗ್ರಂಥಿಯ ಗಾತ್ರ ಮಾತ್ರ ಇದ್ದಂತೆಯೇ ಇತ್ತು. ಈ ಅಧ್ಯಯನಗಳು ಹೆಚ್ಚೆಂದರೆ ಆರು ತಿಂಗಳು ನಡೆದಂಥವು, ಆದ್ದರಿಂದ ಮುಂದೆ ಮೂತ್ರ ಕಟ್ಟಿಕೊಳ್ಳುವುದನ್ನು ಅಥವಾ ಶಸ್ತ್ರಚಿಕಿತ್ಸೆಯನ್ನು ಇದು ತಪ್ಪಿಸುತ್ತದೆ ಎನ್ನಲು ಆಧಾರವಿಲ್ಲ. ಪೈಜಿಯಮ್ ಎಂಬುದು ಆಫ್ರಿಕಾದ ಕಾಡುಗಳಲ್ಲಿ ಬೆಳೆಯುವ ಚೆರ್ರಿ ಜಾತಿಯ ಮರದ ತೊಗಟೆ. ಹದಿನೆಂಟು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಿತವಾದ ಪ್ರಯೋಜನ ಕಂಡಿದೆಯಾದರೂ ಅವೆಲ್ಲ ಅಲ್ಪಾವಧಿಯವು. ಔಷಧಿಗಾಗಿ ಮರವನ್ನೇ ಸುಲಿದು ಹಾಕುತ್ತಿದ್ದರಿಂದ 1995ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ. ಬೇಡಿಕೆ ಹೆಚ್ಚಿ ಪೂರೈಕೆ ಕಡಿಮೆಯಾದಾಗ ಕಲಬೆರಕೆಗೂ ಎಡೆಯಾಗುತ್ತದೆ ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ಸಿಹಿಗುಂಬಳದ ಬೀಜದ ಬಗ್ಗೆ 1,431 ಗಂಡಸರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಬೀಜದ ಸಾರವಿದ್ದ ಕ್ಯಾಪ್ಸೂಲ್ ಹುಸಿ ಗುಳಿಗೆಗಿಂತ ಮೇಲೆನಿಸಲಿಲ್ಲ, ಬೀಜವನ್ನೇ ದಿನಕ್ಕೆರಡು ಸಲ ಐದೈದು ಗ್ರಾಂ ತಿಂದವರಲ್ಲಿ ಕೊಂಚ ಹೆಚ್ಚು ಸುಧಾರಣೆ ಕಂಡಿತು. ಬೀಜ ತಿನ್ನಬಯಸುವವರು ಧಾರಾಳವಾಗಿ ತಿನ್ನಲಿ, ಅದಕ್ಕೆ ಕ್ಯಾಪ್ಸೂಲ್ ಬೇಕಾಗಿಲ್ಲ. ನೆಟಲ್ ಬೇರು ಹೆಚ್ಚಾಗಿ ಬೇರೆ ಮೂಲಿಕೆಗಳ ಜೊತೆಗೇ ಪರೀಕ್ಷೆಗೊಳಗಾಗಿರುವುದರಿಂದ ಅದರದೇ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಗೋಕ್ಷುರ, ಅಂದರೆ ನಮ್ಮ ನೆಗ್ಗಿಲು ಮುಳ್ಳು, ಮೂತ್ರದ ತೊಂದರೆಗಳಿಗೆ ಆಯುರ್ವೇದದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಪ್ರಾಸ್ಟೇಟ್ ಊತದ ಮೇಲೆ ಅದರ ಪರಿಣಾಮವನ್ನು ಪರೀಕ್ಷಿಸಿದ ಅಧ್ಯಯನಗಳು ಮಾತ್ರ ಚಿಕ್ಕವು. ತೆಗೆದುಕೊಳ್ಳುವುದಿದ್ದರೆ ಆಯುರ್ವೇದ ಪದವೀಧರರು ನೋಡಿ ಬರೆದುಕೊಟ್ಟದ್ದನ್ನು ತೆಗೆದುಕೊಳ್ಳಿ, ಡಬ್ಬಿಯ ಮೇಲಿನ ಹೆಸರನ್ನು ನಂಬಿ ಅಲ್ಲ. ಅಂತರಜಾಲದಲ್ಲಿ ಕೊಂಡ 193 ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿದ 2008ರ ವರದಿಯಲ್ಲಿ ಐದರಲ್ಲೊಂದರಷ್ಟು ತಯಾರಿಕೆಗಳಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಪತ್ತೆಯಾಗಿತ್ತು.

ಸತುವಿನ ಬಗ್ಗೆ ಎಚ್ಚರಿಕೆಯ ಮಾತು ಹೇಳಲೇಬೇಕು. ಪ್ರಾಸ್ಟೇಟ್ ಗ್ರಂಥಿಯಲ್ಲಿ ಸತು ಹೇರಳವಾಗಿರುತ್ತದೆ, ಆದ್ದರಿಂದ ಹೊರಗಿನಿಂದ ಕೊಟ್ಟರೆ ಗ್ರಂಥಿಗೆ ಒಳ್ಳೆಯದು ಎಂಬ ತರ್ಕ ಕೇಳಲು ಚೆನ್ನಾಗಿದೆ. ಆದರೆ ಕಣ್ಣಿನ ಕಾಯಿಲೆಯೊಂದಕ್ಕಾಗಿ ದಿನಕ್ಕೆ 80 ಮಿಲಿಗ್ರಾಂ ಸತು ಕೊಟ್ಟು ನಡೆಸಿದ ದೊಡ್ಡ ಅಧ್ಯಯನದಲ್ಲಿ, ಸತು ಪಡೆದವರಲ್ಲಿ 11.1 ಶೇಕಡಾ ಮಂದಿ ಮೂತ್ರದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಪಡೆಯದವರಲ್ಲಿ ಆ ಪ್ರಮಾಣ 7.6 ಶೇಕಡಾ ಇತ್ತು. ನಿಮ್ಮ ಡಬ್ಬಿಯಲ್ಲಿ ಸತು ಎಷ್ಟಿದೆಯೆಂದು ನೋಡಿ, ಬೇರೆ ವಿಟಮಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದರಲ್ಲಿರುವುದನ್ನೂ ಕೂಡಿಸಿಕೊಳ್ಳಿ.

ಪ್ರಶ್ನೆ: ನಮ್ಮ ತಂದೆಯವರಿಗೆ 74 ವರ್ಷ. ಸಕ್ಕರೆ ಕಾಯಿಲೆಯಿದೆ, ಹೃದಯದ ತೊಂದರೆಗೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಗುಳಿಗೆ ತೆಗೆದುಕೊಳ್ಳುತ್ತಾರೆ. ಎರಡು ವರ್ಷಗಳಿಂದ ಮೂಲಿಕೆಯ ಕ್ಯಾಪ್ಸೂಲನ್ನೇ ನಂಬಿ, ಮೂತ್ರದ ತೊಂದರೆಗೆ ವೈದ್ಯರಲ್ಲಿಗೆ ಬರಲು ಒಪ್ಪುತ್ತಿಲ್ಲ. ಈಚೆಗೆ ಮೂತ್ರ ಸರಾಗವಾಗಿ, ಮೇಲಿಂದ ಮೇಲೆ ಬರುತ್ತಿದೆ, ಕ್ಯಾಪ್ಸೂಲ್ ಕೆಲಸ ಮಾಡುತ್ತಿದೆ ಎನ್ನುತ್ತಾರೆ. ಆದರೆ ರಾತ್ರಿ ಅವರಿಗೆ ಗೊತ್ತಾಗದಂತೆ ಹಾಸಿಗೆ ಒದ್ದೆಯಾಗುತ್ತಿದೆ. ಊಟ ಸೇರುತ್ತಿಲ್ಲ. ಅವರ ಮನಸ್ಸು ನೋಯಿಸದೆ ಹೇಗೆ ಹೇಳಲಿ?

ಉತ್ತರ: ಈ ಪತ್ರಕ್ಕೆ ಸಂಚಿಕೆಯ ದಾರಿ ಕಾಯದೆ ಆಗಲೇ ಉತ್ತರ ಕಳಿಸಲಾಗಿದೆ. ಇದೇ ಪರಿಸ್ಥಿತಿ ಬೇರೆ ಮನೆಗಳಲ್ಲೂ ಇರಬಹುದೆಂದು ಇಲ್ಲಿಯೂ ಬರೆಯುತ್ತಿದ್ದೇನೆ. ವಯಸ್ಸಾದ ಗಂಡಸರು ಹೊಸದಾಗಿ ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳಲು ತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು, ಮೂತ್ರಕೋಶ ತುಂಬಿ ತುಳುಕುತ್ತಿದೆಯೇ ಎಂದು. ಅಡಚಣೆ ನಿಧಾನವಾಗಿ ಹೆಚ್ಚುತ್ತಾ ಹೋದಾಗ ಮೂತ್ರಕೋಶ ಹಿಗ್ಗಿ ಹಿಗ್ಗಿ ತನ್ನ ಶಕ್ತಿಯನ್ನೂ ಸ್ಪರ್ಶಜ್ಞಾನವನ್ನೂ ಕಳೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯಿಂದ ನರಗಳು ದುರ್ಬಲವಾಗಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಒಳಗೆ ಒಂದು ಲೀಟರಿಗಿಂತ ಹೆಚ್ಚು ಮೂತ್ರ ನಿಂತಿದ್ದರೂ ನೋವಿರುವುದಿಲ್ಲ. ಹಿಡಿಸದೆ ಉಳಿದದ್ದು ಮಾತ್ರ ಸ್ವಲ್ಪ ಸ್ವಲ್ಪವಾಗಿ ಹೊರಗೆ ಬರುತ್ತಿರುತ್ತದೆ, ನೋಡುವವರಿಗೆ ಅದು ಸರಾಗವಾಗಿ ಹೋಗುತ್ತಿರುವಂತೆಯೇ ತೋರುತ್ತದೆ. ಅಂಗಾತ ಮಲಗಿಸಿ ಹೊಕ್ಕುಳಿನ ಕೆಳಗೆ ಅಂಗೈಯಿಟ್ಟರೆ ಗುಂಡಗಿನ, ಬಿಗಿಯಾದ ಉಬ್ಬು ಕೈಗೆ ಸಿಗಬಹುದು. ಹಿಂದಕ್ಕೆ ಒತ್ತಡ ಬಿದ್ದು ಮೂತ್ರಪಿಂಡಗಳು ಹಿಗ್ಗುತ್ತವೆ, ಊಟ ಸೇರದಿರುವುದು, ಓಕರಿಕೆ, ಮಂಕು ಇವೆಲ್ಲ ಅವು ಸೋಲುತ್ತಿರುವುದರ ಗುರುತಾಗಿರಬಹುದು.

ಇದನ್ನು ಇಂದೇ ತೋರಿಸಬೇಕು, ನಾಳೆಗೆ ಬಿಡಬಾರದು. ನಳಿಕೆ ಹಾಕಿ ಮೂತ್ರ ಹೊರತೆಗೆದರೆ ಮೂತ್ರಪಿಂಡಗಳು ಬಹಳಷ್ಟು ಸಲ ಚೇತರಿಸಿಕೊಳ್ಳುತ್ತವೆ. ಆಮೇಲೆ ಒಂದೆರಡು ದಿನ ಮೂತ್ರ ವಿಪರೀತವಾಗಿ ಹೋಗುವ ಸಂಭವವಿರುವುದರಿಂದ ಈ ಕೆಲಸ ಆಸ್ಪತ್ರೆಯಲ್ಲಿಯೇ ಆಗಬೇಕು. ವಾರ್ಫರಿನ್ ತೆಗೆದುಕೊಳ್ಳುವ ವಿಷಯವನ್ನೂ ಕ್ಯಾಪ್ಸೂಲ್ ಡಬ್ಬಿಯನ್ನೂ ಮೊದಲೇ ವೈದ್ಯರ ಮುಂದಿಡಿ. ಕೆಲವು ಮೂಲಿಕೆಗಳು ವಾರ್ಫರಿನ್ ಜೊತೆ ಸೇರಿದಾಗ ರಕ್ತಸ್ರಾವದ ಅಪಾಯ ಹೆಚ್ಚಬಹುದು.

ತಂದೆಯವರಿಗೆ ಹೇಗೆ ಹೇಳುವುದೆಂದು ಕೇಳಿದ್ದೀರಿ. ಕ್ಯಾಪ್ಸೂಲ್ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ಹೋಗಬೇಡಿ. ಎರಡು ವರ್ಷ ನಂಬಿದ್ದನ್ನು ಯಾರೂ ಒಂದು ಮಾತಿಗೆ ಬಿಟ್ಟುಕೊಡುವುದಿಲ್ಲ, ಈಗ ಅದರ ಅಗತ್ಯವೂ ಇಲ್ಲ. ಒಳಗೆ ಮೂತ್ರ ಎಷ್ಟು ನಿಂತಿದೆಯೆಂದು ಒಂದು ಸ್ಕ್ಯಾನಿಂಗ್ ಮಾಡಿಸಿ ನೋಡೋಣ, ಸೂಜಿ ಚುಚ್ಚುವುದಿಲ್ಲ, ಐದು ನಿಮಿಷದ ಕೆಲಸ ಎನ್ನಿ. ಹಾಸಿಗೆಯ ವಿಷಯವನ್ನು ಮನೆಯವರೆಲ್ಲರ ಎದುರಿಗೆ ಎತ್ತಬೇಡಿ. ಅನೇಕ ಹಿರಿಯರು ವೈದ್ಯರಿಂದ ದೂರವಿರುವುದು ಹಟದಿಂದಲ್ಲ, ಸಂಕೋಚದಿಂದ.

ಪ್ರಶ್ನೆ: ಈ ಪೂರಕಗಳು ಪ್ರಾಸ್ಟೇಟ್ ಕ್ಯಾನ್ಸರ್ ಬರದಂತೆ ತಡೆಯುತ್ತವೆಯೇ? ಪಿಎಸ್‌ಎ ಪರೀಕ್ಷೆಯ ಫಲಿತಾಂಶವನ್ನು ಏರುಪೇರು ಮಾಡುತ್ತವೆಯೇ?

ಉತ್ತರ: ತಡೆಯುತ್ತವೆ ಎಂದು ಸಾಬೀತಾದ ಪೂರಕ ಒಂದೂ ಇಲ್ಲ. ಸೆಲೆನಿಯಂ ಮತ್ತು ಇ ವಿಟಮಿನ್ ಬಗ್ಗೆ ಇಂಥದೇ ಭರವಸೆಯಿಟ್ಟು 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆಸಿದ ಅಧ್ಯಯನದಲ್ಲಿ ಪ್ರಯೋಜನ ಕಾಣದೆ 2008ರಲ್ಲಿ ಗುಳಿಗೆಗಳನ್ನು ನಿಲ್ಲಿಸಲಾಯಿತು. 2011ರಲ್ಲಿ ಮತ್ತೆ ಲೆಕ್ಕ ನೋಡಿದಾಗ ಇ ವಿಟಮಿನ್ ಪಡೆದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಶೇಕಡಾ ಹೆಚ್ಚಿತ್ತು. ಎಂಟು ಮೂಲಿಕೆಗಳದ್ದೆಂದು ಹೇಳಿ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಿಗೆ ಮಾರುತ್ತಿದ್ದ ಪಿಸಿ-ಸ್ಪೆಸ್ ಎಂಬ ಪೂರಕವನ್ನು 2002ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಅದರಲ್ಲಿ ವಾರ್ಫರಿನ್ ಬೆರೆತಿತ್ತು, ಕೆಲವು ಸಲ ತಯಾರಾದ ಸರಕಿನಲ್ಲಿ ಕೃತಕ ಸ್ತ್ರೀ ಹಾರ್ಮೋನು ಕೂಡ ಪತ್ತೆಯಾಗಿತ್ತು.

ಪಿಎಸ್‌ಎ ಎಂದರೆ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಪ್ರೋಟೀನ್, ಕ್ಯಾನ್ಸರಿನ ಅನುಮಾನವಿದ್ದಾಗ ರಕ್ತದಲ್ಲಿ ಅದರ ಮಟ್ಟ ನೋಡುತ್ತಾರೆ. ಸಾ ಪಾಮೆಟೊ ಈ ಮಟ್ಟವನ್ನು ಬದಲಿಸುವುದಿಲ್ಲ. ಗ್ರಂಥಿಯನ್ನು ಕುಗ್ಗಿಸಲು ವೈದ್ಯರು ಬರೆದುಕೊಡುವ ಫಿನಾಸ್ಟರೈಡ್ ಮತ್ತು ಡ್ಯುಟಾಸ್ಟರೈಡ್ ಗುಳಿಗೆಗಳು ಆರು ತಿಂಗಳಿಂದ ಒಂದು ವರ್ಷದೊಳಗೆ ಅದನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಅವನ್ನು ಸೇವಿಸುವವರ ಪಿಎಸ್‌ಎ 3 ಬಂದರೆ ಅದನ್ನು 6 ಎಂದೇ ತಿಳಿದು ವಿಚಾರ ಮಾಡಬೇಕಾಗುತ್ತದೆ.

ಪ್ರಶ್ನೆ: ನನಗೆ 34 ವರ್ಷ. ವೃಷಣ ಮತ್ತು ಗುದದ್ವಾರದ ನಡುವಿನ ಜಾಗದಲ್ಲಿ ನೋವು, ಆಗಾಗ ಉರಿಮೂತ್ರ. ಪ್ರಾಸ್ಟೇಟ್ ಪೂರಕ ಶುರು ಮಾಡಲೇ?

ಉತ್ತರ: ಈ ವಯಸ್ಸಿನಲ್ಲಿ ಗ್ರಂಥಿ ಬೆಳೆದು ಅಡಚಣೆಯಾಗುವುದು ಅಪರೂಪ. ಗ್ರಂಥಿಯ ಉರಿಯೂತ ಅಥವಾ ಸೋಂಕು, ಲೈಂಗಿಕವಾಗಿ ಹರಡುವ ಸೋಂಕು, ಕಲ್ಲು, ತಳಭಾಗದ ಸ್ನಾಯುಗಳ ಬಿಗಿತ ಇವುಗಳಲ್ಲಿ ಯಾವುದೆಂದು ಮೊದಲು ತಿಳಿಯಬೇಕು. ಸೋಂಕಿನ ರೋಗಾಣುಗಳನ್ನು ಬೆಳೆಸಿ ಗುರುತಿಸುವ ಮೂತ್ರದ ಕಲ್ಚರ್ ಪರೀಕ್ಷೆಯಾಗದೆ ಏನನ್ನೂ ಶುರು ಮಾಡಬೇಡಿ. ಸೋಂಕಿಲ್ಲದ ದೀರ್ಘಕಾಲದ ನೋವಿನಲ್ಲಿ ಪರಾಗದ ಸಾರದಿಂದ ಕೆಲವರಿಗೆ ಅನುಕೂಲವಾಗಿರುವುದು 139 ಗಂಡಸರ 12 ವಾರಗಳ ಅಧ್ಯಯನವೊಂದರಲ್ಲಿ ಕಂಡಿದೆ, ಆದರೆ ಅದು ರೋಗ ಗುರುತಿಸಿದ ಮೇಲಿನ ಮಾತು. ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೂತ್ರ ಸರಾಗವಾಗಿ ಹೋಗಲೆಂದು ವೈದ್ಯರು ಟ್ಯಾಮ್ಸುಲೋಸಿನ್ ಗುಳಿಗೆ ಕೊಟ್ಟಿದ್ದಾರೆ. ಜೊತೆಗೆ ಮೂಲಿಕೆಯ ಕ್ಯಾಪ್ಸೂಲ್ ತೆಗೆದುಕೊಂಡರೆ ತೊಂದರೆಯಿದೆಯೇ? ಮುಂದಿನ ತಿಂಗಳು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಿದೆ. ಔಷಧಿಯಲ್ಲದೆ ಬೇರೇನು ಮಾಡಬಹುದು?

ಉತ್ತರ: ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವ ವಿಷಯವನ್ನು ಕಣ್ಣಿನ ವೈದ್ಯರಿಗೆ ಈಗಲೇ ತಿಳಿಸಿ. ಅದು ಕಣ್ಣಿನ ಪಾಪೆಯ ಸುತ್ತಲಿನ ಪರೆಯನ್ನು ಸಡಿಲಗೊಳಿಸುತ್ತದೆ, ಮೊದಲೇ ಗೊತ್ತಿದ್ದರೆ ಅವರು ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ. ನೀವಾಗಿ ಗುಳಿಗೆ ನಿಲ್ಲಿಸಬೇಡಿ. ಮೂಲಿಕೆಯ ಪೂರಕಗಳನ್ನು ಮಾತ್ರ ಯಾವುದೇ ಶಸ್ತ್ರಚಿಕಿತ್ಸೆಗೆ ಎರಡು ವಾರ ಮುಂಚೆ ನಿಲ್ಲಿಸುವಂತೆ ಸಾಮಾನ್ಯವಾಗಿ ಹೇಳುತ್ತೇವೆ. ‘ಪುರುಷ ಶಕ್ತಿ’ಗೂ ಒಳ್ಳೆಯದು ಎಂದು ಮಾರುವ ಕ್ಯಾಪ್ಸೂಲ್‌ಗಳ ಗೊಡವೆಯೇ ಬೇಡ. ಅಂಥವುಗಳಲ್ಲಿ ಲೇಬಲ್ಲಿನ ಮೇಲೆ ಹೇಳದೆ ಸಿಲ್ಡೆನಾಫಿಲ್ (ವಯಾಗ್ರಾದಲ್ಲಿರುವ ಔಷಧಿ) ಬೆರೆಸಿದ್ದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಟ್ಯಾಮ್ಸುಲೋಸಿನ್ ಜೊತೆ ಅದು ರಕ್ತದೊತ್ತಡವನ್ನು ತಟ್ಟನೆ ಇಳಿಸಬಹುದು, ಎದೆನೋವಿಗೆ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವರಲ್ಲಿ ಪ್ರಾಣಕ್ಕೇ ಕುತ್ತು ತರಬಹುದು.

ಇನ್ನು ಔಷಧಿಯಲ್ಲದ ದಾರಿ. ಮೂರು ದಿನ, ಹಗಲು ರಾತ್ರಿ, ಯಾವಾಗ ಎಷ್ಟು ಕುಡಿದಿರಿ, ಯಾವಾಗ ಎಷ್ಟು ಮಿಲಿಲೀಟರ್ ಮೂತ್ರ ಹೋಯಿತು ಎಂದು ಅಳತೆಯ ಲೋಟದಲ್ಲಿ ಅಳೆದು ಬರೆದಿಡಿ. ದಿನದ ಮೂತ್ರದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ರಾತ್ರಿಯೇ ಹೋಗುತ್ತಿದ್ದರೆ ತೊಂದರೆ ಪ್ರಾಸ್ಟೇಟಿನದಲ್ಲದೆ ಇರಬಹುದು. ಹೃದಯ, ಕಾಲೂತ, ಸಕ್ಕರೆ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ರೆಯ ತೊಂದರೆ, ಸಂಜೆ ನುಂಗುವ ಮೂತ್ರವರ್ಧಕ ಗುಳಿಗೆ ಇವುಗಳ ಕಡೆ ಆಗ ನೋಡಬೇಕಾಗುತ್ತದೆ. ಮಲಗುವ ಎರಡು ಗಂಟೆ ಮೊದಲು ಕುಡಿಯುವುದನ್ನು ಕಡಿಮೆ ಮಾಡಿ, ಸಂಜೆಯ ಮೇಲೆ ಕಾಫಿ, ಟೀ, ಮದ್ಯ ಬೇಡ. ಹಗಲಿನ ನೀರನ್ನು ಮಾತ್ರ ಕಡಿಮೆ ಮಾಡಬೇಡಿ. ಒಮ್ಮೆ ಮೂತ್ರ ಮಾಡಿ, ಒಂದೆರಡು ನಿಮಿಷ ಬಿಟ್ಟು ಅಲ್ಲಿಯೇ ಇನ್ನೊಮ್ಮೆ ಪ್ರಯತ್ನಿಸಿ. ಕೊನೆಗೆ ಹನಿಯುವ ತೊಂದರೆಯಿದ್ದರೆ, ವೃಷಣದ ಚೀಲದ ಹಿಂಬದಿಯಿಂದ ಮುಂದಕ್ಕೆ ಬೆರಳಿನಿಂದ ಮೆಲ್ಲಗೆ ಒತ್ತಿ ತಂದರೆ ನಾಳದಲ್ಲಿ ಉಳಿದದ್ದು ಹೊರಬರುತ್ತದೆ. ಮಲಬದ್ಧತೆಯಿದ್ದರೆ ಅದನ್ನು ಸರಿಪಡಿಸಿಕೊಳ್ಳಿ.

ನೆಗಡಿಗೆ ತಾವಾಗಿ ತೆಗೆದುಕೊಳ್ಳುವ ಗುಳಿಗೆಗಳ ಬಗ್ಗೆಯೂ ಜಾಗರೂಕರಾಗಿರಿ. ಅವುಗಳಲ್ಲಿರುವ ಕ್ಲೋರ್‌ಫೆನಿರಮಿನ್ ಮೂತ್ರಕೋಶವನ್ನು ಮಂದಗೊಳಿಸುತ್ತದೆ, ಮೂಗು ಬಿಡಿಸುವ ಸ್ಯೂಡೋಎಫೆಡ್ರಿನ್ ಗ್ರಂಥಿಯ ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಅಲ್ಲಿಯವರೆಗೆ ಹೇಗೋ ನಿಭಾಯಿಸಿಕೊಂಡು ಬಂದವರಿಗೆ ಒಂದೇ ರಾತ್ರಿಯಲ್ಲಿ ಮೂತ್ರ ಪೂರ್ತಿ ಕಟ್ಟಿಕೊಳ್ಳಲು ಇಂಥ ಒಂದೆರಡು ಗುಳಿಗೆ ಸಾಕು. ನೆಗಡಿಯಾದಾಗ ಪ್ರಾಸ್ಟೇಟ್ ತೊಂದರೆಯಿದೆ ಎಂದು ಔಷಧಿ ಅಂಗಡಿಯವರಿಗೂ ಹೇಳಿ. ಆರೇಳು ಗಂಟೆ ಕಳೆದರೂ ಮೂತ್ರ ಬಾರದೆ ಕಿಬ್ಬೊಟ್ಟೆ ನೋಯುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.